ವಿದೇಶದಲ್ಲಿ ಫುಟ್‌ಬಾಲ್ ಬಾಜಿ: ಯಾವ ಊರಲ್ಲಿ ಯಾವ ದಾರಿ, ಯಾರಿಗೆ ಯಾವುದು

ನನ್ನ ಅಕ್ಕನ ಮಗ 2026ರ ವಿಶ್ವಕಪ್ ನೋಡಲು ಅಮೆರಿಕಕ್ಕೆ ಹೊರಟಿದ್ದಾನೆ. ಕುವೆಂಪುನಗರದ ನಮ್ಮ ಮನೆಗೆ ಬಂದವನು ಕಾಫಿ ಲೋಟ ಕೈಗೆ ತಗೊಂಡ ತಕ್ಷಣ ಕೇಳಿದ: "ಮಾಮ, ಅಲ್ಲಿ ಬೆಟ್ ಕಟ್ಟೋದು ಲೀಗಲ್ ಅಲ್ವಾ? ಎಲ್ಲಿ ಕಟ್ಟಿದ್ರೆ ಒಳ್ಳೇದು?" ಇದನ್ನು ಕೇಳಿದವನು ಅವನೊಬ್ಬನೇ ಅಲ್ಲ. ಕೆಲಸದ ಮೇಲೆ ನಾನು ಲಂಡನ್, ಸಿಂಗಪುರ, ನ್ಯೂಜೆರ್ಸಿ ಅಂತ ಹನ್ನೊಂದು ವರ್ಷ ಹೊರಗಿದ್ದೆ. ಮೂರೂ ಕಡೆ ಫುಟ್‌ಬಾಲ್ ನೋಡಿದ್ದೇನೆ, ಮೂರೂ ಕಡೆ ಸಣ್ಣದಾಗಿ ದುಡ್ಡು ಕಟ್ಟಿದ್ದೇನೆ. ಅದು ಗೊತ್ತಿರುವ ಮೈಸೂರಿನ ಹುಡುಗರು, ಸಿಂಗಪುರಕ್ಕೆ ಕೆಲಸಕ್ಕೆ ಹೊರಟ ಮಂಡ್ಯದ ಹುಡುಗರು ಎಲ್ಲರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವುದರ ಬದಲು ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಜೇಬಿನ ದುಡ್ಡು ಯಾವ ದೇಶದ್ದು ನೋಡಿ

ಎಲ್ಲರೂ ಆಡ್ಸ್‌ನಿಂದ, ಅಂದರೆ ಗೆದ್ದರೆ ಕಟ್ಟಿದ್ದರ ಎಷ್ಟು ಪಟ್ಟು ಕೊಡುತ್ತಾರೆ ಅನ್ನೋ ದರದಿಂದ ಶುರು ಮಾಡುತ್ತಾರೆ. ಯಾರು ಜಾಸ್ತಿ ಕೊಡುತ್ತಾರೆ, ಯಾವ ಅಂಗಡಿ ಒಳ್ಳೆಯದು ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನೀವು ಅಲ್ಲೇ ನೆಲೆಸಿ ಅಲ್ಲಿನ ಸಂಬಳ ತಗೊಳ್ಳುವವರೋ, ಇಲ್ಲಿಂದ ರೂಪಾಯಿ ಬದಲಾಯಿಸಿಕೊಂಡು ಹತ್ತು ದಿನಕ್ಕೆ ಹೋಗುವವರೋ?

ಇಲ್ಲಿಂದ ಹೋಗುವವರಾದರೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ ಗೊತ್ತಿರಲಿ. 2000ದಲ್ಲಿ ಬಂದ ಆ ನಿಯಮಗಳ ಮೊದಲ ಶೆಡ್ಯೂಲಿನಲ್ಲಿ, ಯಾವುದಕ್ಕೆ ವಿದೇಶಿ ಹಣ ಕಳಿಸಲೇಬಾರದು ಅನ್ನೋ ಪಟ್ಟಿ ಇದೆ. ಲಾಟರಿ ಟಿಕೆಟ್, ಸ್ವೀಪ್‌ಸ್ಟೇಕ್ ಇವುಗಳ ಜೊತೆಗೇ "ಫುಟ್‌ಬಾಲ್ ಪೂಲ್ಸ್" ಅಂತ ಹೆಸರು ಹಿಡಿದೇ ಬರೆದಿದ್ದಾರೆ (ಹಲವು ಪಂದ್ಯಗಳ ಫಲಿತಾಂಶ ಊಹಿಸಿ ಒಂದೇ ಚೀಟಿಯಲ್ಲಿ ಕಟ್ಟುವ ಆಟ ಅದು).  ಪ್ರವಾಸಕ್ಕೆ ಅಂತ ಬ್ಯಾಂಕಿನಲ್ಲಿ ತಗೊಂಡ ಡಾಲರ್ ಆಗಲಿ, ಫಾರೆಕ್ಸ್ ಕಾರ್ಡ್ ಆಗಲಿ, ಬಾಜಿಗೆ ಹಾಕುವ ಹಣವಲ್ಲ. ಹಾಗಾಗಿ ನನ್ನ ಅಕ್ಕನ ಮಗನಿಗೆ ಸಿಕ್ಕ ಉತ್ತರ: ನಿನಗೆ ಈ ಬರಹದ ಕೊನೆಯ ಭಾಗ ಸಾಕು. ನ್ಯೂಜೆರ್ಸಿಯಲ್ಲೇ ಮನೆ ಮಾಡಿಕೊಂಡು ಅಲ್ಲೇ ದುಡಿಯುವ ಅವನ ಸ್ನೇಹಿತನಿಗೆ ಮಧ್ಯದ ಭಾಗ.

ಗೆದ್ದರೂ ಲೆಕ್ಕ ಮುಗಿಯುವುದಿಲ್ಲ. ಭಾರತದಲ್ಲಿ ವಾಸಿಸುವವರ ಆದಾಯ ಜಗತ್ತಿನ ಯಾವ ಮೂಲೆಯಿಂದ ಬಂದರೂ ಇಲ್ಲಿ ತೆರಿಗೆಗೆ ಬರುತ್ತದೆ. ಬಾಜಿ, ರೇಸು, ಲಾಟರಿಯ ಗೆಲುವಿಗೆ ನೇರ 30% ತೆರಿಗೆ, ಮೇಲೆ ಸೆಸ್. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಹತ್ತು ಸಲ ಸೋತು ಒಂದು ಸಲ ಗೆದ್ದರೆ ಆ ಒಂದು ಗೆಲುವಿಗೆ ಪೂರ್ತಿ ತೆರಿಗೆ.

ಮೊಬೈಲ್ ಆ್ಯಪ್: ಇದನ್ನು ಪಟ್ಟಿಯಿಂದಲೇ ತೆಗೆಯಿರಿ

ಎಲ್ಲಿಗೆ ಹೋದರೂ ಇಲ್ಲಿನ ಫೋನಿನಿಂದಲೇ ಆಡಬಹುದಲ್ಲ ಅನ್ನುವವರಿಗೆ: 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಅನ್ನೋ ಹಳೆಯ ವಾದ ಅಲ್ಲಿ ನಡೆಯುವುದಿಲ್ಲ. ವಿದೇಶದಲ್ಲಿ ಕೂತು ಭಾರತದವರಿಗೆ ಆಡಿಸುವವರಿಗೂ ಅದು ಅನ್ವಯಿಸುತ್ತದೆ. ಬ್ಯಾಂಕುಗಳು ಹಣ ದಾಟಿಸುವಂತಿಲ್ಲ. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ, ನಿಜ. ಆದರೆ ಆಡಿಸುವವನೇ ಕಾನೂನಿನ ಹೊರಗಿದ್ದಾನೆ ಅಂದಮೇಲೆ ನಿಮ್ಮ ದುಡ್ಡು ಸಿಕ್ಕಿಬಿದ್ದರೆ ಕೇಳುವವರು ಯಾರು?

ಮಂಡ್ಯದ ಹತ್ತಿರದ ಊರಿನಲ್ಲಿ ನನ್ನ ಸ್ನೇಹಿತನೊಬ್ಬನಿದ್ದಾನೆ, ಕಬ್ಬು ಬೆಳೆಯುವವನು. ಅವನ ಮಗ ಕಬ್ಬಿನ ದುಡ್ಡಿನಲ್ಲಿ ಸ್ವಲ್ಪ ಭಾಗ ಇಂಥದೊಂದು ಆ್ಯಪ್‌ಗೆ ಹಾಕಿದ. ಯೂರೋಪಿನ ಲೀಗ್ ಪಂದ್ಯಗಳ ಮೇಲೆ. ಮೊದಲ ವಾರ ಎರಡು ಸಾವಿರ ವಾಪಸ್ ಬಂತು, ನಂಬಿಕೆ ಬಂತು. ಆಮೇಲೆ ಪರದೆಯ ಮೇಲೆ 1,80,000 ರೂಪಾಯಿ ಬ್ಯಾಲೆನ್ಸ್. ಹುಡುಗ ಆ ಫೋನನ್ನು ನನಗೆ ತೋರಿಸಿದಾಗ ಅವನ ಬೆರಳು ನಡುಗುತ್ತಿತ್ತು. ಹಣ ತೆಗೆಯುವ ಬಟನ್ ಒತ್ತಿದರೆ "30% ತೆರಿಗೆ ಮೊದಲು ಕಟ್ಟಿ" ಅಂತ ಬರುತ್ತಿತ್ತು. ಅವನು 54,000 ಹೊಂದಿಸಲು ಅಮ್ಮನ ಸರ ಅಡವಿಡುವ ಮಾತಾಡುತ್ತಿದ್ದ. ನೆನಪಿಡಿ, ಗೆಲುವಿನ ತೆರಿಗೆಯನ್ನು ಕೊಡುವವನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಹಣದ ಗೆಲುವಿಗೆ ಗೆದ್ದವನಿಂದ ಮುಂಚಿತವಾಗಿ ತೆರಿಗೆ ಕಟ್ಟಿಸಿಕೊಳ್ಳುವ ಪದ್ಧತಿ ಇಲ್ಲ. ಆ ಹಣ ಅವನು ಕಟ್ಟಲಿಲ್ಲ, ಅದೊಂದೇ ಸಮಾಧಾನ. ಹಾಕಿದ್ದು ಮಾತ್ರ ಹೋಯಿತು. ಯಾರಿಗಾದರೂ ಹೀಗಾಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಇನ್ನು ಮುಂದಿನದು ಅಲ್ಲೇ ನೆಲೆಸಿರುವವರಿಗೆ.

ಲಂಡನ್ನಿನ ಬೀದಿ ಅಂಗಡಿ

ಬ್ರಿಟನ್ನಿನಲ್ಲಿ ಬಾಜಿ ಅನ್ನೋದು ಬೀದಿಯ ಅಂಗಡಿ. 1961ರ ಮೇ ತಿಂಗಳಿಂದ ಇವಕ್ಕೆ ಲೈಸೆನ್ಸ್ ಇದೆ. ನಾನಿದ್ದ ಈಸ್ಟ್ ಹ್ಯಾಮ್‌ನಲ್ಲಿ ದೋಸೆ ಹೋಟೆಲ್, ಚಿನ್ನದಂಗಡಿ, ಅದರ ಪಕ್ಕದಲ್ಲೇ ಬೆಟ್ಟಿಂಗ್ ಅಂಗಡಿ. ಒಳಗೆ ಹೋದರೆ ಗೋಡೆ ತುಂಬ ಕುದುರೆ ರೇಸಿನ ಪುಟಗಳು, ಮೇಲೆ ಸಾಲಾಗಿ ಟಿವಿಗಳು. ಬೆರಳುದ್ದದ ಸಣ್ಣ ಪೆನ್ನುಗಳನ್ನು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಚೀಟಿಯಲ್ಲಿ ಪಂದ್ಯ, ತಂಡ, ಮೊತ್ತ ಬರೆದು ಗಾಜಿನ ಕೌಂಟರಿಗೆ ಕೊಟ್ಟರೆ ಯಂತ್ರದಲ್ಲಿ ತೂರಿಸಿ ಪ್ರತಿ ಕೊಡುತ್ತಾರೆ. ಅಷ್ಟೇ. 18 ವರ್ಷ ಆಗಿರಬೇಕು.

ನಾನು ನೋಡಿದ್ದರಲ್ಲಿ ಇದೇ ಸರಿಯಾದ ದಾರಿ, ಯಾಕೆ ಅಂದರೆ ನಗದು. ಜೇಬಿನಲ್ಲಿ 20 ಪೌಂಡ್ ಇದ್ದರೆ 20ಕ್ಕೇ ನಿಲ್ಲುತ್ತದೆ. ಖಾತೆ ಇಲ್ಲ, ರಾತ್ರಿ ಎರಡು ಗಂಟೆಗೆ ಫೋನಿಗೆ ಬರುವ ಆಫರ್ ಇಲ್ಲ. ಬಾಜಿ ಕಟ್ಟುವವನಿಂದ ತೆರಿಗೆ ವಸೂಲಿ ಮಾಡುವುದನ್ನು 2001ರಲ್ಲೇ ನಿಲ್ಲಿಸಿದ್ದಾರೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವುದನ್ನು 2020ರ ಏಪ್ರಿಲಿನಿಂದ ನಿಷೇಧಿಸಿದ್ದಾರೆ, ಅದು ತುಂಬಾ ಒಳ್ಳೆಯ ಕೆಲಸ. ಒಂದೇ ರಸ್ತೆಯಲ್ಲಿ ಮೂರ್ನಾಲ್ಕು ಅಂಗಡಿ ಇರುವುದರಿಂದ ದರ ಹೋಲಿಸಬಹುದು.

ಆದರೆ ಮೂಲೆಯಲ್ಲಿರುವ ಜೂಜಿನ ಯಂತ್ರಗಳ ಹತ್ತಿರ ಹೋಗಬೇಡಿ. ಮೊದಲು ಅದರಲ್ಲಿ ಒಂದು ಸುತ್ತಿಗೆ 100 ಪೌಂಡ್ ತನಕ ಹಾಕಬಹುದಿತ್ತು. ಎಷ್ಟೋ ಮನೆ ಹಾಳಾದ ಮೇಲೆ 2019ರ ಏಪ್ರಿಲಿನಲ್ಲಿ ಅದನ್ನು 2 ಪೌಂಡಿಗೆ ಇಳಿಸಿದರು. ಫುಟ್‌ಬಾಲಿಗೆ ಅಂತ ಹೋಗಿ ಹಾಫ್‌ಟೈಮಿನಲ್ಲಿ ಆ ಯಂತ್ರಕ್ಕೆ ಸಂಬಳ ಸುರಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಿಂಗಪುರ, ಹಾಂಗ್‌ಕಾಂಗ್: ಒಂದೇ ಅಂಗಡಿ

ಸಿಂಗಪುರದಲ್ಲಿ ಸರ್ಕಾರದ್ದೇ ಆದ ಸಿಂಗಪುರ ಪೂಲ್ಸ್ ಇದೆ, 1968ರಿಂದ. ಹಾಂಗ್‌ಕಾಂಗ್‌ನಲ್ಲಿ 2003ರಿಂದ ಫುಟ್‌ಬಾಲ್ ಬಾಜಿ ನಡೆಸುವ ಅಧಿಕಾರ ಜಾಕಿ ಕ್ಲಬ್‌ಗೆ ಮಾತ್ರ. ನಮ್ಮ ಚಾಮುಂಡಿ ಬೆಟ್ಟದ ಕೆಳಗಿನ ರೇಸ್ ಕ್ಲಬ್ಬೇ ಫುಟ್‌ಬಾಲಿಗೂ ಕೌಂಟರ್ ತೆರೆದಂತೆ ಅಂದುಕೊಳ್ಳಿ. ಲಾಭದ ಭಾಗ ಸಮಾಜದ ಕೆಲಸಕ್ಕೆ ಹೋಗುತ್ತದೆ. ದುಡ್ಡು ಮುಳುಗುವ ಭಯ ಇಲ್ಲ, ಗೆದ್ದರೆ ಕೊಟ್ಟೇ ಕೊಡುತ್ತಾರೆ. ಸಿಂಗಪುರದಲ್ಲಿ ಇದರ ಹೊರಗೆ, ಲೈಸೆನ್ಸ್ ಇಲ್ಲದವರ ಹತ್ತಿರ ಕಟ್ಟಿದರೆ ಕಟ್ಟಿದವನಿಗೂ ಕೇಸು. ಅಲ್ಲಿನ ಕಾಫಿ ಅಂಗಡಿಯಲ್ಲಿ ಯಾರಾದರೂ ವಾಟ್ಸ್‌ಆ್ಯಪ್ ನಂಬರ್ ಕೊಟ್ಟರೆ ಎದ್ದು ಬನ್ನಿ. ಕೆಲಸದ ಪಾಸೇ ಹೋಗಬಹುದು.

ಕೊರತೆ ದರದ್ದು. ಇದನ್ನು ಲೆಕ್ಕ ಮಾಡೋದು ಸುಲಭ. ಗೆಲುವು, ಡ್ರಾ, ಸೋಲು ಮೂರರ ಆಡ್ಸ್ ತಗೊಳ್ಳಿ, ಪ್ರತಿಯೊಂದರಿಂದ 100ನ್ನು ಭಾಗಿಸಿ, ಕೂಡಿ. 2.10, 3.40, 3.60 ಅಂತ ಇದ್ದರೆ 47.6, 29.4, 27.8. ಒಟ್ಟು 104.8. ನೂರರ ಮೇಲಿರುವ 4.8 ಅಂಗಡಿಯವನ ಪಾಲು. ಅದೇ ಪಂದ್ಯಕ್ಕೆ ಇನ್ನೊಬ್ಬ 1.95, 3.10, 3.30 ಕೊಟ್ಟರೆ ಒಟ್ಟು 113.8 ಆಗುತ್ತದೆ. ಅಂಕಿಗಳು ಉದಾಹರಣೆಗೆ ನಾನು ಬರೆದವು, ಲೆಕ್ಕದ ರೀತಿ ಎಲ್ಲ ಕಡೆಗೂ ಒಂದೇ. ಪೈಪೋಟಿ ಇದ್ದಲ್ಲಿ ಈ ಪಾಲು ಕರಗುತ್ತದೆ, ಒಂದೇ ಅಂಗಡಿ ಇದ್ದಲ್ಲಿ ಊದಿಕೊಳ್ಳುತ್ತದೆ.

ಹಾಗೇ ನಾಲ್ಕೈದು ಪಂದ್ಯ ಸೇರಿಸಿ ಒಂದೇ ಚೀಟಿಯಲ್ಲಿ ಕಟ್ಟುವ ಅಭ್ಯಾಸ ಇದೆಯಲ್ಲ, ಲಂಡನ್ನಿನಲ್ಲಿ ಅಕ್ಯುಮುಲೇಟರ್ ಅಂತಾರೆ, ಅಮೆರಿಕದಲ್ಲಿ ಪಾರ್ಲೇ. ಸಣ್ಣ ದುಡ್ಡಿಗೆ ದೊಡ್ಡ ಮೊತ್ತ ತೋರಿಸುವುದರಿಂದ ಹುಡುಗರಿಗೆ ಇದೇ ಇಷ್ಟ. ಆದರೆ ಒಂದೊಂದು ಪಂದ್ಯಕ್ಕೂ ಅಂಗಡಿಯ ಪಾಲು ಗುಣಿಸುತ್ತಾ ಹೋಗುತ್ತದೆ. ಒಂದು ಪಂದ್ಯಕ್ಕೆ 5% ಅಂದುಕೊಂಡರೆ, 100 ರೂಪಾಯಿಯಲ್ಲಿ ಸರಾಸರಿ ಸುಮಾರು 5 ರೂಪಾಯಿ ಅವನಿಗೆ. ನಾಲ್ಕು ಪಂದ್ಯ ಸೇರಿಸಿದರೆ ಸುಮಾರು 18 ರೂಪಾಯಿ. ಅಂಗಡಿಯ ಕಿಟಕಿಯಲ್ಲಿ ಯಾವುದರ ಪೋಸ್ಟರ್ ದೊಡ್ಡದಾಗಿ ಅಂಟಿಸಿರುತ್ತಾರೆ ಅನ್ನೋದು ಇದರಿಂದ ಅರ್ಥವಾಗುತ್ತದೆ.

ಪೂಲ್ ಚೀಟಿಗಳು

ಫುಟ್‌ಬಾಲ್ ಪೂಲ್ಸ್‌ಗೆ ಸ್ಪೇನಿನಲ್ಲಿ ಲಾ ಕಿನಿಯೇಲಾ, ಇಟಲಿಯಲ್ಲಿ ಟೊಟೊಕಾಲ್ಚೊ ಅಂತಾರೆ, ಎರಡೂ 1946ರಲ್ಲಿ ಶುರುವಾದವು. ಸ್ವೀಡನ್ನಿನ ಸ್ಟ್ರಿಕ್‌ಟಿಪ್ಸೆಟ್ ಇನ್ನೂ ಹಳೆಯದು, 1934ರದ್ದು. ಜಪಾನಿನಲ್ಲಿ ಟೊಟೊ ದೇಶವಿಡೀ 2001ರಿಂದ ಇದೆ. ಇಂಗ್ಲೆಂಡಿನಲ್ಲಿ ಇದನ್ನೇ 1923ರಲ್ಲಿ ಶುರುವಾದ ಲಿವರ್‌ಪೂಲಿನ ಲಿಟಲ್‌ವುಡ್ಸ್ ಕಂಪನಿ ಮನೆಮನೆಗೆ ತಲುಪಿಸಿತ್ತು. ನಮ್ಮ ಫೆಮಾ ಪಟ್ಟಿಯಲ್ಲಿರುವ ಹೆಸರು ಇದೇ ಆಟದ್ದು.

ರೇಸ್ ಕೋರ್ಸಿನ ಟೋಟ್ ಗೊತ್ತಿರುವ ಮೈಸೂರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬುಕ್ಕಿ ಹತ್ತಿರ ಕಟ್ಟಿದರೆ ಅವನು ಹೇಳಿದ ದರ ನಿಮ್ಮದು. ಟೋಟಿನಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತದೆ, ನಡೆಸುವವರು ತಮ್ಮ ಪಾಲು ತೆಗೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಪೂಲ್ ಚೀಟಿಯೂ ಅದೇ. ಸಾಮಾನ್ಯವಾಗಿ 13 ಅಥವಾ 14 ಪಂದ್ಯಗಳ ಮುಂದೆ ಮನೆ ತಂಡಕ್ಕೆ 1, ಡ್ರಾಗೆ ಎಕ್ಸ್, ಹೊರಗಿನ ತಂಡಕ್ಕೆ 2 ಗುರುತು ಹಾಕಬೇಕು. ಇಟಲಿಯಲ್ಲಿ "ಹದಿಮೂರು ಹೊಡೆದ" ಅನ್ನೋದು ಅದೃಷ್ಟ ಖುಲಾಯಿಸಿದವನ ಬಗ್ಗೆ ಆಡುವ ಮಾತೇ ಆಗಿಹೋಗಿದೆ.

ಲೆಕ್ಕದಲ್ಲಿ ಪೂಲ್ ತುಟ್ಟಿ. ಕೆಲವು ಕಡೆ ಬಹುಮಾನಕ್ಕೆ ಹೋಗುವುದು ಸುಮಾರು ಅರ್ಧ ಹಣ ಮಾತ್ರ. ಹಾಗಿದ್ದರೂ ವಾರಕ್ಕೊಂದು ಚೀಟಿ ಅನ್ನೋ ಮಿತಿಯೊಳಗೆ ಇರುವವನಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಚೀಟಿಗೆ ಇಡೀ ವಾರಾಂತ್ಯದ ಕುತೂಹಲ. ಸೋತದ್ದನ್ನು ಈಗಲೇ ವಾಪಸ್ ತೆಗೀಬೇಕು ಅನ್ನೋ ಹಟಕ್ಕೆ ಅದರಲ್ಲಿ ಜಾಗವಿಲ್ಲ. ಮುಂದಿನ ವಾರದ ತನಕ ಕಾಯಲೇಬೇಕು.

ಅಮೆರಿಕ: ರಾಜ್ಯ ದಾಟಿದರೆ ಕಾನೂನು ಬೇರೆ

2018ರ ಮೇ 14ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹಳೆಯ ನಿಷೇಧವನ್ನು ತೆಗೆದುಹಾಕಿದ ಮೇಲೆ ಒಂದೊಂದು ರಾಜ್ಯ ಒಂದೊಂದು ನಿಯಮ ಮಾಡಿಕೊಂಡಿದೆ. ವಿಶ್ವಕಪ್ ಪಂದ್ಯ ನಡೆಯುವ ಊರುಗಳಲ್ಲೇ ಎಷ್ಟು ವ್ಯತ್ಯಾಸ ನೋಡಿ. ಫೈನಲ್ ನಡೆಯುವ ನ್ಯೂಜೆರ್ಸಿಯಲ್ಲಿ ಕಾನೂನುಬದ್ಧ. ಡಲ್ಲಾಸ್, ಹ್ಯೂಸ್ಟನ್ ಇರುವ ಟೆಕ್ಸಸ್, ಲಾಸ್ ಏಂಜಲೀಸ್ ಇರುವ ಕ್ಯಾಲಿಫೋರ್ನಿಯಾ ಎರಡೂ ಒಪ್ಪಿಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊ ಒಳಗೆ ಮಾತ್ರ. ನ್ಯೂಜೆರ್ಸಿಯಲ್ಲಿ ವಯಸ್ಸು 21. ಅಲ್ಲಿನ ಆ್ಯಪ್ ನೀವು ರಾಜ್ಯದ ಗಡಿಯೊಳಗೆ ನಿಂತಿದ್ದರಷ್ಟೇ ಕೆಲಸ ಮಾಡುತ್ತದೆ. ಕೆನಡಾದಲ್ಲಿ 2021ರ ಆಗಸ್ಟ್ ತನಕ ಒಂದೇ ಪಂದ್ಯದ ಮೇಲೆ ಕಟ್ಟುವಂತೆಯೇ ಇರಲಿಲ್ಲ. ಈಗ ಅವಕಾಶ ಇದೆ, ಟೊರೊಂಟೊ ಇರುವ ಒಂಟೇರಿಯೊದಲ್ಲಿ 19 ವರ್ಷ ಆಗಿರಬೇಕು.

ಅಲ್ಲಿಗೆ ಹೊಸದಾಗಿ ಹೋದವರು ಮೊದಲು ಎಡವುವುದು ಆಡ್ಸ್ ಬರೆಯುವ ರೀತಿಯಲ್ಲಿ. ಲಂಡನ್ನಿನ 7/4, ಯೂರೋಪಿನ 2.75, ಅಮೆರಿಕದ +175 ಮೂರೂ ಒಂದೇ. 10 ಕಟ್ಟಿದರೆ 17.50 ಲಾಭ, ನಿಮ್ಮ 10 ಸೇರಿ 27.50 ಕೈಗೆ. ಮೈನಸ್ ಗುರುತಿದ್ದರೆ ಗೆಲ್ಲುವ ಕುದುರೆ ಅಂತ ಅರ್ಥ. -200 ಅಂದರೆ 100 ಗೆಲ್ಲಲು 200 ಕಟ್ಟಬೇಕು.

ಎರಡನೆಯ ಎಡವಟ್ಟು ನನಗೇ ಆದದ್ದು. 2022ರ ಡಿಸೆಂಬರ್ 18, ಭಾನುವಾರ. ಕತಾರಿನಲ್ಲಿ ಫೈನಲ್, ನ್ಯೂಜೆರ್ಸಿಯಲ್ಲಿ ಬೆಳಗ್ಗೆ 10 ಗಂಟೆ. ಕೌಂಟರಿನಲ್ಲಿ ಅರ್ಜೆಂಟಿನಾ ಅಂತ ಹೇಳಿ 20 ಡಾಲರ್ ಕೊಟ್ಟೆ, ಚೀಟಿ ಜೇಬಿಗೆ ಹಾಕಿಕೊಂಡೆ. ಮೆಸ್ಸಿ ಒಂದು, ಡಿ ಮರಿಯಾ ಒಂದು. 80ನೇ ನಿಮಿಷದ ತನಕ 2-0. ಆಮೇಲೆ ಎಂಬಾಪೆ ಎರಡು ನಿಮಿಷದಲ್ಲಿ ಎರಡು ಹೊಡೆದ. ಹೆಚ್ಚುವರಿ ಸಮಯ ಮುಗಿದಾಗ 3-3, ಪೆನಾಲ್ಟಿಯಲ್ಲಿ ಅರ್ಜೆಂಟಿನಾ 4-2. ನಾನು ಕುಣಿದಾಡುತ್ತಾ ಕೌಂಟರಿಗೆ ಹೋದೆ. ಅಲ್ಲಿದ್ದ ಹೆಂಗಸು ಚೀಟಿ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 90 ನಿಮಿಷ ಮತ್ತು ಇಂಜುರಿ ಸಮಯ ಮಾತ್ರ. 90 ನಿಮಿಷಕ್ಕೆ 2-2. ನನ್ನ ಬಾಜಿ ಸೋತಿತ್ತು, ಡ್ರಾ ಅಂತ ಕಟ್ಟಿದವರು ಗೆದ್ದಿದ್ದರು. ತಪ್ಪು ನನ್ನದೇ, ಓದಿರಲಿಲ್ಲ. ಅಮೆರಿಕದವರ ಬೇರೆ ಆಟಗಳ ಬಾಜಿಯಲ್ಲಿ ಓವರ್‌ಟೈಮ್ ಸೇರಿರುತ್ತದೆ. ಫುಟ್‌ಬಾಲಿನ ಗೆಲುವು-ಡ್ರಾ-ಸೋಲು ಬಾಜಿಯಲ್ಲಿ ಸೇರುವುದಿಲ್ಲ. ಕಪ್ ಯಾರಿಗೆ ಅನ್ನೋ ಬಾಜಿ ಬೇರೆ, ಪಂದ್ಯ ಯಾರಿಗೆ ಅನ್ನೋ ಬಾಜಿ ಬೇರೆ. ಲಂಡನ್ನಿನಲ್ಲೂ ಇದೇ ನಿಯಮ. ನಾಕೌಟ್ ಪಂದ್ಯಗಳಲ್ಲಿ ಇದನ್ನು ಕೇಳಿಕೊಳ್ಳದೆ ದುಡ್ಡು ಕೊಡಬೇಡಿ. ಆ ಚೀಟಿ ಇವತ್ತಿಗೂ ನನ್ನ ಪಾಸ್‌ಪೋರ್ಟಿನ ಕವರಿನಲ್ಲಿದೆ.

ಕೊಲ್ಲಿ ದೇಶಗಳ ಬಗ್ಗೆ ಎರಡೇ ಮಾತು. ಕತಾರ್, ಸೌದಿಯಲ್ಲಿ ಜೂಜು ಅಪರಾಧ. ದೋಹಾದಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗರು ರೂಮಿನಲ್ಲಿ ಸೇರಿ ಆಡುವ ಬಾಜಿಯೂ ಬೇಡ.

ಇಲ್ಲಿಂದ ಹೋಗುವವರಿಗೆ, ಇಲ್ಲೇ ಇರುವವರಿಗೆ

ಪ್ರವಾಸಕ್ಕೆ ಹೋಗುವವರ ಕೈಯಲ್ಲಿ ಬಾಜಿಗೆ ಅಂತ ತೆಗೆದಿಟ್ಟ ಹಣ ಇದ್ದರೆ ಅದನ್ನು ಇನ್ನೊಂದು ಪಂದ್ಯದ ಟಿಕೆಟಿಗೆ ಹಾಕಿ. ದೊಡ್ಡ ಕ್ಲಬ್ಬೇ ಆಗಬೇಕಿಲ್ಲ. ಪೂರ್ವ ಲಂಡನ್ನಿನಲ್ಲಿ ಇಳಿದುಕೊಂಡರೆ ಲೇಟನ್ ಓರಿಯಂಟ್ ಮೈದಾನಕ್ಕೆ ಹೋಗಿ. ಆಟಗಾರ ಲೈನಿನ ಹತ್ತಿರ ಓಡಿಬಂದಾಗ ಅವನ ಉಸಿರು ಕೇಳಿಸುವಷ್ಟು ಹತ್ತಿರ ಕೂರಬಹುದು. ಬೆಟ್ಟಿಂಗ್ ಅಂಗಡಿಯ ಹತ್ತು ಟಿವಿಯಲ್ಲಿ ಅದು ಸಿಗುವುದಿಲ್ಲ.

ಅಷ್ಟು ದೂರ ಯಾಕೆ, ಮೈಸೂರಿನಿಂದ ವಯನಾಡು ದಾಟಿ ಮಲಪ್ಪುರಂ ಕಡೆ ಹೋದರೆ ಸೀಸನ್ನಿನಲ್ಲಿ ಸೆವೆನ್ಸ್ ಪಂದ್ಯಗಳು ನಡೆಯುತ್ತಿರುತ್ತವೆ. ಒಂದು ಕಡೆ ಏಳೇ ಜನ, ಗ್ಯಾಲರಿ ತುಂಬಿ ತುಳುಕುತ್ತದೆ, ಆಫ್ರಿಕಾದಿಂದ ಬಂದ ಆಟಗಾರರೂ ಇರುತ್ತಾರೆ. ನಾವು ನಾಲ್ಕು ಜನ ಕಾರಿನಲ್ಲಿ ಹೋಗಿ ನೋಡಿ ಬಂದಿದ್ದೇವೆ. ವಾಪಸ್ ಬರುವಾಗ ಬಂಡೀಪುರದ ರಾತ್ರಿ ಸಂಚಾರ ನಿಷೇಧ ನೆನಪಿರಲಿ, 9 ಗಂಟೆಗೆ ಗೇಟ್ ಹಾಕುತ್ತಾರೆ. ಉಳಿದುಕೊಂಡು ಬೆಳಗ್ಗೆ ಹೊರಡುವುದೇ ಒಳ್ಳೆಯದು.

ಇನ್ನು ಊಹಿಸುವ ಚಪಲ. ಅದು ಇದ್ದೇ ಇರುತ್ತದೆ, ಫುಟ್‌ಬಾಲ್ ನೋಡುವವರಿಗೆ ಅರ್ಧ ಸುಖ ಅದರಲ್ಲೇ ಇದೆ. ನಾವು ಸ್ನೇಹಿತರು ಪೂಲ್ ಚೀಟಿಯ ರೀತಿಯನ್ನೇ ತಗೊಂಡು ದುಡ್ಡನ್ನು ಬಿಟ್ಟಿದ್ದೇವೆ. ಗೋಡೆಗೆ ಒಂದು ಚಾರ್ಟ್. 48 ತಂಡ, 104 ಪಂದ್ಯ. ಪ್ರತಿ ಪಂದ್ಯಕ್ಕೂ 1, ಎಕ್ಸ್, 2. ಸರಿಯಾದರೆ ಒಂದು ಅಂಕ, ಸ್ಕೋರೂ ಸರಿಯಾಗಿ ಹೇಳಿದರೆ ಮೂರು. ಲೆಕ್ಕ 90 ನಿಮಿಷಕ್ಕೆ, ನನ್ನ ಒತ್ತಾಯದ ಮೇಲೆ. ಅಕ್ಕನ ಮಗನಿಗೂ ಅದರಲ್ಲಿ ಒಂದು ಸಾಲು ಇದೆ, ಅವನು ಅಲ್ಲಿಂದಲೇ ಮೆಸೇಜ್ ಕಳಿಸುತ್ತಾನೆ. ಮೊದಲ ಪಂದ್ಯ ಮೆಕ್ಸಿಕೊ, ದಕ್ಷಿಣ ಆಫ್ರಿಕಾ. ನಮಗದು ಜೂನ್ 11 ಕಳೆದು ಮಧ್ಯರಾತ್ರಿ 12:30ಕ್ಕೆ. ನಾನು ಎಕ್ಸ್ ಹಾಕಿದ್ದೇನೆ.